ಹನ್ನೊಂದನೇ ಹೆಸರು

ವಕೀಲ ಗುಕ್ ಅವರ ಎದುರು ಕೂತಾಗ ಪಿಲ್‌ನಾಮ್‌ಗೆ ಸರಿಯಾಗಿ ಬಾಯಿ ತೆರೆಯಲೂ ಆಗುತ್ತಿರಲಿಲ್ಲ. ಬೆಳಗ್ಗೆ ಬುಸಾನ್‌ನ ಮೀನು ಮಾರುಕಟ್ಟೆಯಲ್ಲಿ ಚೀಟಿ ಹೆಂಗಸರು ಅವಳ ಹಾವುಮೀನಿನ ತೊಟ್ಟಿ ಉರುಳಿಸಿ, ಆ ರಾಡಿಯಲ್ಲೇ ಅವಳನ್ನು ಕೆಡವಿ, ರಬ್ಬರ್ ಬೂಟುಗಾಲಿನಲ್ಲಿ ಒದ್ದಿದ್ದರು. ಒಂದು ಹಲ್ಲು ಹೋಗಿತ್ತು. ನೆತ್ತಿಯಲ್ಲಿ ಅಂಗೈಯಗಲ ಕೂದಲು ಕಿತ್ತುಬಂದಿತ್ತು. ಹದಿನೆಂಟು ವರ್ಷ ಚೀಟಿ ನಡೆಸಿದವಳಿಗೆ ಸಿಕ್ಕ ಮರ್ಯಾದೆ! ಮೊದಲ ಎರಡು ಚೀಟಿ ಎತ್ತಿದವರು ಹೇಳದೆ ಕೇಳದೆ ಊರು ಬಿಟ್ಟಿದ್ದರು, ಅವರ ಕಂತೆಲ್ಲ ಇವಳ ತಲೆಗೆ ಬಂದಿತ್ತು. ನಮ್ಮಲ್ಲಿ ಚೀಟಿಗೆ ಕಾಗದವಿಲ್ಲ, ಪತ್ರವಿಲ್ಲ. ನಡೆಸುವವಳನ್ನು ನಂಬಿ ದುಡ್ಡು ಕಟ್ಟುತ್ತಾರೆ, ಮುಳುಗಿದರೆ ಅವಳನ್ನೇ ಹಿಡಿದು ಚಚ್ಚುತ್ತಾರೆ.

"ಯಾರ್‍ಯಾರಿಗೆ ಕೊಡಬೇಕು, ಈಗಾಗ್ಲೇ ಯಾರಿಗೆ ತೀರಿಸಿದೀರ, ಎಲ್ಲರ ಹೆಸರೂ ಹೇಳಿ ಅಮ್ಮ," ಅಂದರು ಗುಕ್. "ದಿವಾಳಿ ಅರ್ಜಿ ಹಾಕೋಕೆ ಮುಂಚೆ ನನ್ನ ಹತ್ರ ಏನೂ ಮುಚ್ಚಿಡಬೇಡಿ. ಕೋರ್ಟು ಒಪ್ಪಿದ್ರೆ ಸಾಲ ಮನ್ನಾ. ಸುಳ್ಳು ಸಿಕ್ಕಿಬಿದ್ರೆ ಸಾಯೋವರೆಗೂ ಇದೇ ಒದೆ."

ಪಿಲ್‌ನಾಮ್ ಹತ್ತು ಹೆಸರು ಹೇಳಿದಳು. ಹನ್ನೊಂದನೆಯದನ್ನು ರಕ್ತದ ಜೊತೆ ನುಂಗಿಕೊಂಡಳು.

ಆ ಹನ್ನೊಂದನೆಯವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಾರುಕಟ್ಟೆಯಲ್ಲಿ ಪಕ್ಕದ ಒಣಮೀನಿನ ಅಂಗಡಿಯ ತೆಸುನ್. ಪಿಲ್‌ನಾಮ್ ಹತ್ತು ದಿನದ ಹಿಂದೆ ಬಾಡಿಗೆ ಮನೆ ಖಾಲಿ ಮಾಡಿ, ಅದರ ಮುಂಗಡವನ್ನೆಲ್ಲ ಗುಟ್ಟಾಗಿ ಇವಳ ಕೈಗೆ ಕೊಟ್ಟಿದ್ದಳು. ಹೆಂಗಸರು ಗುಂಪು ಕಟ್ಟಿ ಬರುತ್ತಾರೆಂದು ನಿನ್ನೆ ಗೊತ್ತಾದಾಗ ತೆಸುನ್ ಹೇಳಿದ್ದಳು: "ನಾನೂ ಅವ್ರ ಜೊತೆ ಬರ್ತೀನಕ್ಕ. ನಾನೇ ಮೊದ್ಲು ಜುಟ್ಟಿಗೆ ಕೈ ಹಾಕ್ತೀನಿ. ಇಲ್ದಿದ್ರೆ ನನಗೆ ದುಡ್ಡು ಸಿಕ್ಕಿದೆ ಅಂತ ಅನುಮಾನ ಬರತ್ತೆ. ಬೇಜಾರು ಮಾಡ್ಕೋಬೇಡ." ಹಲ್ಲು ಉದುರಿಸಿದ್ದು ತೆಸುನ್‌ಳ ಬೂಟೇ. ಆಮೇಲೆ ಮುಖ ತೊಳೆಸಿ ಟ್ಯಾಕ್ಸಿಯಲ್ಲಿ ಕರೆತಂದವಳೂ ಅವಳೇ. ನಾಟಕ ನಿಜದ ಹಾಗೆ ಕಾಣಬೇಕಲ್ಲ ಎಂದು ಪೆದ್ದಿ ಪಿಲ್‌ನಾಮ್ ಇನ್ನೂ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಗುಕ್ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟರು. "ಮನೆ ಮುಂಗಡ ಎರಡು ಕೋಟಿ ವೋನ್ ಬಂದಿದೆ. ಅದೇ ದಿನ ತೆಗೆದಿದೀರ. ಒಬ್ಬರಿಗೇ ತೀರಿಸಿದ್ರಾ?"

"ಅವಳು ನನ್ನ ತಂಗಿ ಥರ ವಕೀಲ್ರೇ. ಅವಳಿಗೆ ಮೊದ್ಲು ಕೊಡದೆ ಇನ್ಯಾರಿಗೆ ಕೊಡ್ಲಿ?"

"ಚೀಟಿಯವರೆಲ್ಲ ಮಾಡೋ ತಪ್ಪೇ ಇದು. ಆ ದುಡ್ಡನ್ನ ಕೋರ್ಟು ವಾಪಸ್ ತರಿಸಿ ಎಲ್ಲರಿಗೂ ಹಂಚತ್ತೆ. ನೀವಾಗೇ ಹೇಳಿದ್ರೆ ನಿಮ್ಮ ಅರ್ಜಿ ಉಳಿಯಬಹುದು. ಮುಚ್ಚಿಟ್ರೆ ಖಂಡಿತ ಉಳಿಯಲ್ಲ. ಹೆಸರು ಹೇಳಿ."

ಬಾಗಿಲು ಧಡಾರನೆ ತೆರೆಯಿತು. ತೆಳು ಹಲಗೆಯ ಗೋಡೆ. ತೆಸುನ್‌ಗೆ ಎಲ್ಲ ಕೇಳಿಸಿತ್ತು.

"ಹೇಳ್ತೀಯಾ? ಹೇಳು ನೋಡೋಣ. ದುಡ್ಡು ಮಗಳ ಮನೆಗೆ ಕೊಟ್ಟಾಯ್ತು. ಆ ಹತ್ತು ಜನಕ್ಕೆ ಗೊತ್ತಾದ್ರೆ ನನ್ನ ಸಿಗಿದು ಹಾಕ್ತಾರೆ."

"ಹೇಳಲ್ಲ ಕಣೇ, ಕೂತ್ಕೋ," ಅಂದಳು ಪಿಲ್‌ನಾಮ್. "ಬೆಳಗ್ಗೆ ನೀನು ಹೊಡೆದಿದ್ದು ನಾಟಕ ಅಂತ ನನಗೆ ಗೊತ್ತಿಲ್ವಾ?"

"ನಾಟಕ? ನಿನ್ನ ನಂಬಿ ಎರಡು ವರ್ಷ ನಿದ್ದೆ ಕೆಟ್ಟಿದೀನಿ. ಹಲ್ಲು ಉದುರಿದಾಗ ನನ್ನ ಹೊಟ್ಟೆ ತಣ್ಣಗಾಯ್ತು."

ಪಿಲ್‌ನಾಮ್ ಪೆನ್ನಿಗೆ ಕೈ ಚಾಚಿದಳು. ತೆಸುನ್ ಮೇಜಿನ ಮೇಲಿದ್ದ ಕಬ್ಬಿಣದ ಸ್ಟೇಪ್ಲರ್ ಎತ್ತಿ ಆ ಕೈಯ ಮೇಲೆ ಕುಕ್ಕಿದಳು. ಒಂದು ಸಲ, ಎರಡು ಸಲ. ಮೂಳೆ ಲಟಕ್ಕೆಂದಿತು. ಮೂರನೆಯ ಏಟಿಗೆ ಗುಕ್ ಅವಳನ್ನು ಹಿಂದಿನಿಂದ ತಬ್ಬಿ ಗೋಡೆಗೆ ಒತ್ತಿದರು. ಅವಳು ಅವರ ಮುಂಗೈ ಕಚ್ಚಿದಳು.

"ಪೊಲೀಸ್ರನ್ನ ಕರೀತೀನಿ," ಅಂದರು ಗುಕ್ ಏದುಸಿರು ಬಿಡುತ್ತ.

"ಆಮೇಲೆ ಕರೀರಿ. ಮೊದ್ಲು ಬರ್ಕೊಳ್ಳಿ." ಪಿಲ್‌ನಾಮ್ ಅಳುತ್ತಿದ್ದಳು. ಕೈನೋವಿಗಲ್ಲ. ಹದಿನೆಂಟು ವರ್ಷ ಒಂದೇ ಬಟ್ಟಲಿನಲ್ಲಿ ಉಂಡವಳನ್ನು ಕಳೆದುಕೊಂಡ ಸಂಕಟಕ್ಕೆ. "ತೆಸುನ್. ಒಣಮೀನು ಸಾಲು, ನಲವತ್ತೇಳನೇ ಅಂಗಡಿ. ಎರಡು ಕೋಟಿ, ಪೂರ್ತಿ ಸಿಕ್ಕಿದೆ."

ಗೋಡೆಗೆ ಒತ್ತಿಕೊಂಡಿದ್ದ ತೆಸುನ್ ಒದ್ದಾಡುವುದನ್ನು ನಿಲ್ಲಿಸಿದಳು.

"ಅಕ್ಕ," ಅಂದಳು. "ಬೇಡಕ್ಕ."

ಪಿಲ್‌ನಾಮ್ ಅವಳ ಕಡೆ ತಿರುಗಲಿಲ್ಲ. "ಆ ಹತ್ತೂ ಜನಕ್ಕೆ ಕೋರ್ಟಿನ ಕಾಗದ ಹೋಗತ್ತಲ್ಲಾ ವಕೀಲ್ರೇ? ಅದರಲ್ಲಿ ಇವಳ ಹೆಸರು ಕಾಣತ್ತಾ?"

"ಕಾಣತ್ತೆ."

"ಹಾಗಾದ್ರೆ ಬೇಗ ಕಳ್ಸಿ."