ಬಾಗಿಲಿಗೆ ಬಂದವರು

"ಲಾ ಇಲಾಹ," ಅಂದರು ಖತೀಬ ಸಾಹೇಬರು.

"ಲಾ ಇಲಾಹ," ಅಂದ ಗೌಸಸಾಬ.

"ಇಲ್ಲಲ್ಲಾಹು."

"ಇಲ್ಲ..." ಗೌಸಸಾಬನ ನಾಲಿಗೆ ಅಲ್ಲಿಗೇ ನಿಂತಿತು. ಸಾಹೇಬರು ಕಾದರು. ಅವರು ಒಂದು ತುಣುಕು ಹೇಳುವುದು, ಸುಮ್ಮನೆ ಕೂತು ಅವನ ಬಾಯನ್ನೇ ನೋಡುವುದು, ಅವನು ಅಂದ ಮೇಲೆ ಮುಂದಿನ ತುಣುಕು ಹೇಳುವುದು. ಪಡಸಾಲೆಯಲ್ಲಿ ಒಂದು ವಾರದಿಂದ ಹೀಗೇ ನಡೆದಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಮಗಳು ಬೀಬವ್ವ, ಅಲ್ಲಾನ ಹೊರತು ದೇವರಿಲ್ಲ, ಮುಹಮ್ಮದರು ಅವನ ದೂತರು ಎನ್ನುವ ಆ ಕಲಿಮಾವನ್ನು ಇಡಿಯಾಗಿ ಎರಡನೆಯ ದಿನವೇ ಬಾಯಿಪಾಠ ಮಾಡಿಬಿಟ್ಟಿದ್ದಳು. ಅಪ್ಪ ತಡವರಿಸಿದಾಗಲೆಲ್ಲ ಒಳಗಿನ ರೊಟ್ಟಿಯ ಸಪ್ಪಳವೂ ಒಂದು ಗಳಿಗೆ ನಿಲ್ಲುತ್ತಿತ್ತು.

ಗೌಸಸಾಬ ಹುಟ್ಟಾ ಮುಸಲ್ಮಾನನೇ. ಪಿಂಜಾರರವನು, ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಮನೆತನದ ಕಸುಬು. ಆದರೆ ಶಿಗ್ಗಾವಿ ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ಮಸೀದಿ ಇರಲಿಲ್ಲ, ಮುಸಲ್ಮಾನರ ಮನೆ ಅಂದರೆ ಅದೊಂದೇ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹಸ್ತದ ಆಕಾರದ ಪಂಜಾ ಹಿಡಿಯುತ್ತಿದ್ದ, ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸುತ್ತಿದ್ದ, ಊರವರು ಕುರಿ ಕೊಯ್ಯಲು ಕರೆದರೆ ಬಿಸ್ಮಿಲ್ಲಾ ಅಂದು ಕೊಯ್ದು ಬರುತ್ತಿದ್ದ. ಅವನಿಗೆ ತಿಳಿದಿದ್ದ ಧರ್ಮ ಅಷ್ಟೇ. ಐವತ್ತು ವರ್ಷ ಅದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ.

ತೊಂದರೆ ಬಂದದ್ದು ಸವಣೂರಿನಿಂದ, ಅದೂ ಒಳ್ಳೆಯ ಸುದ್ದಿಯ ಬೆನ್ನು ಹತ್ತಿ. ಎಲೆತೋಟ ಮಾಡಿಕೊಂಡಿದ್ದ ಮನೆಯ ಹುಡುಗ ದಿಲಾವರನಿಗೆ ಬೀಬವ್ವ ಮನಸ್ಸಿಗೆ ಬಂದಳು. ಹುಡುಗನ ಅಪ್ಪ ಬಂಗಾರ ಕೇಳಲಿಲ್ಲ, ಪಾತ್ರೆಪಗಡೆ ಕೇಳಲಿಲ್ಲ. "ನಿಕಾಹ್ ದಿವಸ ಹುಡಿಗಿ ಅಪ್ಪ ನಾಕು ಮಂದಿ ಎದುರಿಗೆ ಕಲಿಮಾ ಹೇಳಬೇಕು ನೋಡ್ರಿ," ಅಂದ. "ಪಿಂಜಾರರಿಗೆ ಏನೂ ಬರೂದಿಲ್ಲ ಅಂತ ನಮ್ಮ ಮಂದಿ ಆಡಿಕೋತಾರ. ಅವರ ಬಾಯಿ ಮುಚ್ಚಬೇಕಲ್ಲ." ಕಲಿಸಲಿಕ್ಕೆ ತಮ್ಮೂರ ಮಸೀದಿಯ ಪ್ರವಚನಕಾರರಾದ ಖತೀಬ ಸಾಹೇಬರನ್ನೂ ಅವನೇ ಮೋಟಾರು ಹತ್ತಿಸಿ ಕಳಿಸಿದ್ದ.

ಸಾಹೇಬರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸವಣೂರಿನ ನವಾಬಿ ಹೋಗಿ ಹತ್ತು ವರ್ಷವಾಗಿದ್ದರೂ ಅವರ ನಡೆನುಡಿಯಲ್ಲಿ ಅದರ ಗತ್ತು ಸ್ವಲ್ಪ ಉಳಿದಿತ್ತು. ಊರ ಚಾವಡಿಯಲ್ಲಿ ಇಳಿದುಕೊಂಡು ದಿನಾ ಮುಂಜಾನೆ ಬರುತ್ತಿದ್ದರು. ಬೈಯುವ ಗುರುವಲ್ಲ. ಬೈದಿದ್ದರೆ ಗೌಸಸಾಬನಿಗೆ ತಿರುಗಿ ಬೈಯಲಿಕ್ಕಾದರೂ ಬರುತ್ತಿತ್ತು.

"ಸಾಕ್ರಿ ಸಾಹೇಬ್ರ, ಇವತ್ತ ನಾಲಿಗಿ ಹೊರಳವಲ್ದು," ಎಂದು ಅವನು ಹತ್ತಿ ಹಿಂಜುವ ಕಮಾನನ್ನು ಎಳೆದುಕೊಂಡ. "ನೀವು ಕಥಿ ಹೇಳ್ರಿ. ಕೆಲಸಾನೂ ಆಗತೈತಿ, ಕೇಳಿದಂಗೂ ಆಗತೈತಿ."

ಕಥೆ ಅಂದರೆ ಅವನಿಗೆ ಆಸೆ. ಮಕ್ಕಾ ಎಂಬ ಮರಳುಗಾಡಿನ ಊರು, ಅಲ್ಲಿ ಹುಟ್ಟುವ ಮೊದಲೇ ಅಪ್ಪನನ್ನು ಕಳೆದುಕೊಂಡ ಕೂಸು, ಆರು ವರ್ಷಕ್ಕೆ ಅವ್ವನೂ ಇಲ್ಲವಾದದ್ದು, ಬೆಳೆದು ಒಂಟೆಗಳ ಸಂಗಡ ವ್ಯಾಪಾರಕ್ಕೆ ಹೋಗಿ ಸುಳ್ಳಾಡದ ಮನುಷ್ಯ ಎಂದು ಹೆಸರಾದದ್ದು, ಇಷ್ಟನ್ನು ಕೇಳಿಯಾಗಿತ್ತು.

"ನಲವತ್ತು ವರ್ಷ ಆದಾಗ," ಸಾಹೇಬರು ಮುಂದುವರಿಸಿದರು, "ಹಿರಾ ಅನ್ನೂ ಗವ್ಯಾಗ ಒಬ್ಬರ ಕುಂತಿದ್ರು. ಜಿಬ್ರಾಯಿಲ್ ಅನ್ನೂ ದೇವದೂತರು ಬಂದು 'ಓದು' ಅಂದ್ರು. 'ನನಗ ಓದಾಕ ಬರೂದಿಲ್ಲ' ಅಂದ್ರು ನಮ್ಮ ಪೈಗಂಬರ್ ಸಾಹೇಬ್ರು."

ತಂತಿಯ ಡಂಯ್ ಡಂಯ್ ನಿಂತಿತು. "ಅವರಿಗೂ ಬರ್ತಿರಲಿಲ್ಲೇನ್ರಿ?"

"ಬರ್ತಿರಲಿಲ್ಲ. ದೂತರು ಗಟ್ಟಿಯಾಗಿ ಅಪ್ಪಿ ಹಿಡದು ಹೇಳಿಸಿದ್ರು. ಕುರಾನ್ ಇಳಿಯಾಕ ಸುರು ಆದದ್ದು ಹಂಗ. ಪೈಗಂಬರ್ ಸಾಹೇಬ್ರು ನಡಗಿಕೋತ ಮನಿಗೆ ಬಂದು ಹೆಂಡತಿ ಬೀಬಿ ಖದೀಜಾ ಅವರಿಗೆ, 'ನನಗ ಹೊದಿಸ್ರಿ, ನನಗ ಹೊದಿಸ್ರಿ' ಅಂದ್ರು. ಅವರು ಹೊದಿಸಿದ್ರು."

"ಏನ್ ಹೊದಿಸಿದ್ರು?"

ಈ ಪ್ರಶ್ನೆಯನ್ನು ಸಾಹೇಬರಿಗೆ ಈತನಕ ಯಾರೂ ಕೇಳಿರಲಿಲ್ಲ. "ಕಂಬಳಿ ಇರಬೇಕು. ಇಲ್ಲಾ ಚಾದರ."

"ಥಂಡಿ ನಡಗಲ್ಲ ಅದು, ಹೆದರಿಕಿ ನಡಗ. ಅದಕ್ಕ ತೂಕದ ಹೊದಿಕಿನ ಬೇಕು," ಎಂದು ಗೌಸಸಾಬ ಕಸುಬುದಾರನ ಗತ್ತಿನಲ್ಲಿ ಹೇಳಿದ. "ತಿಳದಾಕಿ ಇದ್ಲು ಆಕಿ. ಅಂದ್ರ, ಇದ್ರು ಅವರು."

ಸಾಹೇಬರು ನಕ್ಕರು. "ಮೊಟ್ಟಮೊದಲು ನಂಬಿದವರೂ ಅವರ. ಪೈಗಂಬರ್ ಸಾಹೇಬರ ಮಾತು ಮೊದಲು ಒಪ್ಪಿಕೊಂಡದ್ದು ಅವರ ಮನಿಯವರು."

ಆ ದಿನವೆಲ್ಲ ಗೌಸಸಾಬ ಹುರುಪಿನಲ್ಲಿದ್ದ. ಗಾದಿ ಒಯ್ಯಲು ಬಂದವರಿಗೂ ಹೊದಿಕೆಯ ಕಥೆ ಹೇಳಿದ. ಹೇಳುವಾಗ ಅವನ ಕಣ್ಣ ಮುಂದೆ ಇದ್ದವಳು ಮಾತ್ರ ಹೆಂಡತಿ ಫಕೀರವ್ವ. ಅವಳು ತೀರಿಕೊಂಡು ಆರೇಳು ವರ್ಷವಾಗಿತ್ತು. ತುಂಬಿ ಹೊಲಿದ ಪ್ರತಿಯೊಂದು ರಜಾಯಿಯನ್ನೂ ಮೊದಲು ತಾನು ಹೊದ್ದು ನೋಡಿ, "ಹೂಂ, ಕೊಡ್ರಿ" ಅನ್ನುತ್ತಿದ್ದವಳು. ಮನೆಯೊಳಗೆ ಮಾತಿನ ಮಲ್ಲಿ. ಹೊಸಬರು ಬಾಗಿಲಿಗೆ ಬಂದರೆ ಮಾತ್ರ ಕದದ ಮರೆಗೆ ಸರಿದು, ಸೆರಗು ಬಾಯಿಗೆ ಹಿಡಿದು, "ಅವರು ಮನ್ಯಾಗಿಲ್ರಿ, ಬಂದಮ್ಯಾಲೆ ಬರ್ರಿ" ಅನ್ನುತ್ತಿದ್ದಳು. ಗೌಸಸಾಬ ಹಿತ್ತಲಲ್ಲೇ ಇದ್ದರೂ ಅವಳ ಬಾಯಿಂದ ಅದೇ ಮಾತು ಬರುತ್ತಿತ್ತು. ಜನಗಣತಿಗೆ ಬಂದ ಮಾಸ್ತರ ಕೂಡ ಇದನ್ನು ಕೇಳಿ ತಿರುಗಿ ಹೋಗಿದ್ದ. ಆ ಮೇಲೆ ಗೌಸಸಾಬ ತಿಂಗಳುಗಟ್ಟಲೆ ಅವಳನ್ನು ಚೇಷ್ಟೆ ಮಾಡಿದ್ದ.

ಮುಂದಿನ ಪಾಠಗಳು ಸಲೀಸಾಗಿ ಸಾಗಿದವು. ಅಲ್ಲಾ ಒಬ್ಬನೇ, ಅವನಿಗೆ ರೂಪವಿಲ್ಲ, ಹುಟ್ಟಿಲ್ಲ, ಹುಟ್ಟಿದ ಮಕ್ಕಳಿಲ್ಲ, ಸರಿಸಾಟಿಯಾದವರಿಲ್ಲ. ದಿನಕ್ಕೆ ಐದು ಹೊತ್ತು ನಮಾಜು, ರಂಜಾನಿನಲ್ಲಿ ಉಪವಾಸ, ಇದ್ದವರು ಇಲ್ಲದವರಿಗೆ ಕೊಡಬೇಕಾದ ಜಕಾತ್, ಕೈಲಾದರೆ ಜೀವಮಾನದಲ್ಲಿ ಒಮ್ಮೆ ಹಜ್. ಇವೆಲ್ಲಕ್ಕೂ ಮೊದಲು, ಬಾಯಿಂದ ಮತ್ತು ಮನಸ್ಸಿನಿಂದ ಕಲಿಮಾ. ಗೌಸಸಾಬ ತಲೆದೂಗುತ್ತಿದ್ದ. ಗುಡಿಯಲ್ಲಿ ಕಾಯಿ ಒಡೆಸಬಾರದು ಎಂಬ ಮಾತು ಬಂದಾಗ ಸ್ವಲ್ಪ ಮೋರೆ ಗಂಟಿಕ್ಕಿದರೂ ಕೇಳಿಸಿಕೊಂಡ.

ಆಮೇಲೆ ಒಂದು ಮುಂಜಾನೆ ಸಾಹೇಬರು ಸಾವಿನ ವಿಷಯಕ್ಕೆ ಬಂದರು.

"ಮಂದಿ ಮಣ್ಣು ಕೊಟ್ಟು ಹೊಳ್ಳತಾರಲ್ಲ, ಅವರ ಹೆಜ್ಜಿ ಸಪ್ಪಳ ಸತ್ತವರಿಗೆ ಇನ್ನೂ ಕೇಳಸ್ತಿರತೈತಿ. ಆವಾಗ ಇಬ್ಬರು ದೇವದೂತರು ಗೋರಿಯೊಳಗ ಬರ್ತಾರ. ಎಬ್ಬಿಸಿ ಕುಂದರಸ್ತಾರ. ಮೂರು ಮಾತು ಕೇಳ್ತಾರ. ನಿನ್ನ ದೇವರು ಯಾರು, ನಿನ್ನ ಧರ್ಮ ಯಾವುದು, ನಿನ್ನ ಪೈಗಂಬರ್ ಯಾರು."

ಗೌಸಸಾಬ ಕಮಾನು ಕೆಳಗಿಟ್ಟ. "ಹೇಳಾಕ ಬರದಿದ್ರ?"

ಸಾಹೇಬರು ತಾವು ಕಲಿತದ್ದನ್ನೇ ಹೇಳಿದರು. "ಅಂಥವರಿಗೆ ಗೋರಿ ಇಕ್ಕಟ್ಟಾಗತೈತಿ ಅಂತ ಹೇಳ್ಯಾರ."

"ಹೇಳಿಕೊಡವರು ಯಾರೂ ಇಲ್ದ ಸತ್ತಿದ್ರ?"

ಅವನು ಯಾರ ಸಲುವಾಗಿ ಕೇಳುತ್ತಿದ್ದಾನೆಂದು ಸಾಹೇಬರಿಗೆ ಆಗ ಹೊಳೆಯಿತು. ಏನಾದರೂ ಸಮಾಧಾನ ಹೇಳಿ ಎದ್ದುಬಿಡಬಹುದಿತ್ತು. ಆದರೆ ತನಗೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಮನುಷ್ಯ ಅವರಲ್ಲ. "ಅದು ಅಲ್ಲಾಗ ಬಿಟ್ಟದ್ದು ಗೌಸಸಾಬ್ರ. ಅವ ದಯಾಳು, ನಮಗಿಂತ ಹೆಚ್ಚು ಬಲ್ಲಾವ. ಹಿಂಗ ಆಗೇತಿ ಅಂತ ನಾ ಹೆಂಗ ಹೇಳ್ಲಿ? ನೀವು ಅವರ ಸಲುವಾಗಿ ಬೇಡಿಕೊಳ್ರಿ."

ಕರುಣೆಯ ಮಾತೇ ಅದು. ಆದರೆ ಗೌಸಸಾಬನ ಕಿವಿಯಲ್ಲಿ ಇಕ್ಕಟ್ಟು ಅನ್ನುವುದರ ಮುಂದೆ ಏನೂ ಇಳಿಯಲಿಲ್ಲ. ಅವಳ ಗುಣಿ ತೋಡಿದವನು ಅವನೇ. ಬೇವಿನ ಬೇರು ಅಡ್ಡ ಬಂದು ಬೇಕಾದಷ್ಟು ಅಗಲ ಮಾಡಲು ಆಗಿರಲಿಲ್ಲ. ಬಂಕಾಪುರದಿಂದ ಬಂದ ಮುಲ್ಲಾ ಏನೋ ಓದಿ, ಮಣ್ಣು ಹಾಕಿಸಿ, ಊಟಕ್ಕೂ ನಿಲ್ಲದೆ ಹೋಗಿದ್ದ. ಎಲ್ಲರೂ ಹೊಳ್ಳಿದ ಮೇಲೆ ಆ ಕತ್ತಲಲ್ಲಿ ಇಬ್ಬರು ಹೊಸಬರು ಬಂದು ಎಬ್ಬಿಸಿ ಕೂರಿಸಿದರೆ ಫಕೀರವ್ವನ ಗತಿ ಏನು? ಮಾಸ್ತರನಿಗೆ ತನ್ನ ಹೆಸರನ್ನೇ ಹೇಳದವಳು. ಆ ಸಂಕಟದಲ್ಲಿ ಅವನು ರಾತ್ರಿ ಊಟ ಮಾಡಲಿಲ್ಲ.

ಮರುದಿನ ಸಾಹೇಬರು ಬಂದು ಕೂತಾಗ ಅವನು ಅವರ ಮೋರೆ ನೋಡದೆ ಹೇಳಿದ. "ನಾ ಕಲಿಯೂದಿಲ್ರಿ."

"ಯಾಕ?"

"ಆಕಿಗೆ ಬರದಿದ್ದು ನನಗ್ಯಾಕ್ರಿ? ನಾ ಉತ್ತರಾ ಹೇಳಿ ಅಗಲಕ ಕಾಲು ಚಾಚಿ ಮಲಗೂದು, ಆಕಿ ಬಾಜೂಕ ಇಕ್ಕಟ್ಟಿನ್ಯಾಗ ಮಲಗೂದು. ಬ್ಯಾಡ್ರಿ. ಆಕಿಗೆ ಏನ್ ಆಗೇತೋ ನನಗೂ ಅದ ಆಗ್ಲಿ."

"ಮತ್ತ ಮಗಳ ಲಗ್ನ?"

ಗೌಸಸಾಬ ಕಮಾನು ಎಳೆದುಕೊಂಡು ಹತ್ತಿ ಹಿಂಜತೊಡಗಿದ. ಸಾಹೇಬರು ಎದ್ದರು. "ಶುಕ್ರವಾರ ನಾ ಸವಣೂರಿಗೆ ಹೋಗ್ತೇನಿ. ಅವರು ಕೇಳಿದ್ರ ಸುಳ್ಳು ಹೇಳಾಕ ನನಗ ಬರೂದಿಲ್ಲ," ಅಂದರು. ಬೆದರಿಕೆಯ ಮಾತಲ್ಲ, ದುಃಖದಿಂದಲೇ ಅಂದರು.

ಬೀಬವ್ವ ಹೊರಗೆ ಬಂದು ಕದಕ್ಕೆ ಒರಗಿ ನಿಂತಳು. ಕೈಗೆ ಹತ್ತಿದ ಹಿಟ್ಟು ಒಣಗುತ್ತಿತ್ತು. "ಅಪ್ಪಾ, ನನ್ನ ಸಲುವಾಗಿ ಅಲ್ಲ ಬಿಡು. ಅವ್ವ ಇದ್ದಿದ್ರ ನಿನಗ ಹಿಂಗ ಕುಂದ್ರಾಕ ಬಿಡ್ತಿದ್ಲೇನು?" ಅವಳು ಕೈ ತೊಳೆದುಕೊಂಡು, ಕಣ್ಣು ಒರಸಿಕೊಂಡು, ಬಾಜೂಮನೆಯ ಅಡಿವೆವ್ವನ ಹತ್ತಿರ ಹೋದಳು.

ಅಡಿವೆವ್ವ ಕುರುಬರವಳು, ಫಕೀರವ್ವನ ಜೀವದ ಗೆಳತಿ. ಜ್ವರ ಬಂದು ಫಕೀರವ್ವ ನೆಲ ಹಿಡಿದಾಗ ಸಣ್ಣ ಬೀಬವ್ವನನ್ನು ತನ್ನ ಮನೆಯಲ್ಲಿ ಮಲಗಿಸಿ, ಕಡೆಯ ಗಳಿಗೆಯವರೆಗೂ ಗೆಳತಿಯ ತಲೆದೆಸೆಯಲ್ಲಿ ಕೂತವಳು ಅವಳೇ. ಗೌಸಸಾಬ ಆಗ ಬಂಕಾಪುರದ ಒಂದು ಲಗ್ನದ ಮನೆಯಲ್ಲಿ ಗಾದಿ ತುಂಬುತ್ತಿದ್ದ. ಸುದ್ದಿ ಮುಟ್ಟಿ ಅವನು ಊರಿಗೆ ಬರುವಷ್ಟರಲ್ಲಿ ಅವಳ ಜೀವ ಹೋಗಿತ್ತು.

"ಏನಂತ ಗೌಸಣ್ಣ," ಎನ್ನುತ್ತಲೇ ಅವಳು ಪಡಸಾಲೆ ಹತ್ತಿದಳು. "ಕುಂತಲ್ಲೇ ಹುಡಿಗಿ ಲಗ್ನ ಮುರಿಯಾಕ ಹೊಂಟಿಯಂತ? ತಲಿ ನೆಟ್ಟಗ ಐತಿಲ್ಲ ನಿಂದು?"

ಗೌಸಸಾಬ ಬೈಗುಳಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. "ಅಡಿವೆವ್ವ, ಆಕಿ ಹೋಗೂ ಮುಂದ ನೀ ಇದ್ದಿ. ಏನರೆ ಅಂದ್ಲೇನು? ದೇವರ ಹೆಸರು, ಏನರೆ?"

ಅಡಿವೆವ್ವನ ಸಿಟ್ಟು ಇಳಿದುಹೋಯಿತು. ಕಂಬಕ್ಕೆ ಆತು ಕೂತಳು. "ನಾನ ಶಿವಾ ಶಿವಾ ಅನಕೋತ ಬಾಯಾಗ ನೀರು ಬಿಟ್ಟೆ. ನಿಮ್ಮ ದೇವರ ಮಾತು ನನಗ ಬರ್ತಿರಲಿಲ್ಲೋ ಯಪ್ಪಾ. ತಪ್ಪಾತೇನು?"

"ಇಲ್ಲವ್ವ. ನನಗರೆ ಎಲ್ಲಿ ಬರ್ತಿತ್ತು? ಆಕಿ ಏನಂದ್ಲು ಅಷ್ಟು ಹೇಳು."

ಅವಳು ಸೆರಗಿನ ಚುಂಗು ಹಿಂಡಿದಳು. "ಹೇಳಬಾರದು ಅಂತ ಇಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡಿದ್ದೆ. ನೀ ಇರಲಿಲ್ಲಲ್ಲ. ಕೇಳಿದ್ರ ಅದನ್ನ ಹಚಗೊಂಡು ಕೊರಗತಿ ಅಂತ. ಸಂಜಿಮುಂದ ಒಮ್ಮೆ ಕಣ್ಣು ತಗದ್ಲು. ಬಾಗಲ ಕಡೆ ನೋಡಿದ್ಲು. ಅಲ್ಲಿ ಯಾರೂ ಇರಲಿಲ್ಲ, ನಾನೂ ಹೊಳ್ಳಿ ನೋಡಿದೆ. ಸೆರಗು ಬಾಯಿಗೆ ಹಿಡಕೊಳ್ಳಾಕ ಕೈ ಎತ್ತಾಕ ಹೋದ್ಲು, ಕೈ ಏಳಲಿಲ್ಲ. 'ಅವರು ಮನ್ಯಾಗಿಲ್ರಿ,' ಅಂದ್ಲು. 'ಬಂದಮ್ಯಾಲೆ ಬರ್ರಿ.' ಅಷ್ಟ ನೋಡು. ಮತ್ತ ಮಾತಿಲ್ಲ."

ಗೌಸಸಾಬ ಅತ್ತ. ಮಣ್ಣು ಕೊಟ್ಟ ದಿನ ಜನರ ನಡುವೆ ಅಳಲಿಕ್ಕಾಗದೆ ಉಳಿದದ್ದನ್ನೆಲ್ಲ ಅಡಿವೆವ್ವನ ಎದುರಿಗೆ ಕೂತು ಅತ್ತ. ಅವಳು ತಡೆಯಲಿಲ್ಲ, ತಾನೂ ಅತ್ತಳು. ಅತ್ತು ಮುಗಿದ ಮೇಲೆ ಅವನು ಮೋರೆ ತೊಳೆದುಕೊಂಡು ಸೀದಾ ಚಾವಡಿಗೆ ನಡೆದ. ಸಾಹೇಬರು ಗಂಟು ಕಟ್ಟುತ್ತಿದ್ದರು.

"ಆ ಮೂರು ಮಾತಿನ ಉತ್ತರಾ ಮೊದಲು ಹೇಳಿಕೊಡ್ರಿ," ಅಂದ. "ಆಮ್ಯಾಲೆ ಕಲಿಮಾ. ತಪ್ಪಿದ್ರ ತಿದ್ರಿ, ಪೂರಾ ಬರೂತನಕ ಬಿಡಬ್ಯಾಡ್ರಿ."

ಸಾಹೇಬರು ಏನನ್ನೂ ಕೇಳದೆ ಗಂಟು ಬಿಚ್ಚಿದರು. ಆ ದಿನ ಊರಿನಲ್ಲಿ ಕಮಾನಿನ ಸಪ್ಪಳ ಏಳಲಿಲ್ಲ.

ಗುರುವಾರ ಹೊತ್ತು ಇಳಿಯುವಾಗ ಗೌಸಸಾಬ ಕಲಿಸಿದ ಹಾಗೆ ಕೈಕಾಲು, ಮೋರೆ ತೊಳೆದು, ಹಳ್ಳದ ದಂಡೆಯ ಬೇವಿನ ಮರದ ಕಡೆಗೆ ಹೋದ. ಗೋರಿಯ ಮೇಲೆ ಎಲೆ ಉದುರಿ ಬಿದ್ದಿದ್ದವು. ಅವನ್ನು ಕೈಯಿಂದ ಸರಿಸಿ, ಹೆಗಲ ಮೇಲಿನ ಟವೆಲನ್ನು ಬಾಗಿಲಿಗೆ ಬಂದ ಇಬ್ಬರಿಗೆ ಹಾಸುವ ಹಾಗೆ ಒಂದು ಬದಿಗೆ ಹಾಸಿ, ತಾನು ಬರಿ ನೆಲದ ಮೇಲೆ ಕೂತ.

"ಬಂದೇನಿ," ಅಂದ. "ನಾನ ಈ ಮನಿಯವ. ಏನ್ ಕೇಳೂದೈತಿ ನನ್ನ ಕೇಳ್ರಿ. ಆಕಿ ದೇವರು ಅಲ್ಲಾ. ಆಕಿ ಧರ್ಮ ಇಸ್ಲಾಂ. ಆಕಿ ಪೈಗಂಬರ್ ಮುಹಮ್ಮದ್ ಸಾಹೇಬ್ರು."

ಹಳ್ಳದ ಆಚೆ ಯಾರೋ ದನ ಹೊಡೆದುಕೊಂಡು ಹೋದರು. ಅವರು ದಾಟುವವರೆಗೆ ಸುಮ್ಮನಿದ್ದು, ಗೋರಿಯ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿದ.

"ಲಾ ಇಲಾಹ," ಅಂದ.

ಸಾಹೇಬರು ಕಾಯುವ ಹಾಗೆ ಕಾದ. ಬೇವಿನ ಎಲೆ ಒಂದೆರಡು ಮತ್ತೆ ಬಿದ್ದವು. ಈ ಸಲ ಸರಿಸಲಿಲ್ಲ.

"ಇಲ್ಲಲ್ಲಾಹು," ಅಂದು, ಮತ್ತೆ ಕಾದ.