ಹೇಳದೆ ಕೆಡವಿದ್ದು

ಮೇಲಿನ ಕೀಲಿನ ಕೊನೆಯ ತಿರುಪು ಹಠ ಹಿಡಿದಿತ್ತು. ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಗೆ ಅಂಗೈ ಕೊಟ್ಟು, ಉಸಿರು ಬಿಗಿಹಿಡಿದು ತಿರುಗಿಸಿದ. ಕಿರ್ರೆಂದು ಅದು ಸಡಿಲವಾಯಿತು; ಬಾಗಿಲು ಅವನ ಹೆಗಲಿಗೆ ವಾಲಿತು.

ಅಕ್ಕನ ಸ್ಟುಡಿಯೋದ ಬಾಗಿಲು. ಅಗಲ ಎರಡೂಕಾಲು ಅಡಿ. ಒಬ್ಬೊಬ್ಬರಾಗಿ ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ಗದ್ದ ಎತ್ತಿ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗುವವರಿಗೆ ಅಷ್ಟು ಸಾಕಾಗಿತ್ತು. ನಾಲ್ಕು ಜನ ಪೆಟ್ಟಿಗೆ ಹೊತ್ತು ಹೊರಗೆ ಬರಲು ಸಾಲದು ಎಂದು ಬೆಳಗ್ಗೆ ಯಾರೋ ಹೇಳಿದ್ದರು. ಚೌಕಟ್ಟು ಸಮೇತ ಒಡೆದುಬಿಡಿ, ನಿಮಗೆ ಎಷ್ಟು ಹೊತ್ತಿನ ಕೆಲಸ ಎಂದೂ ಅಂದಿದ್ದರು. ಹಳೆಯ ಕಟ್ಟಡ ಕೆಡವುವುದೇ ಅವನ ಕಸುಬು. ಆದರೂ ಅವನು ಸಾಮಾನಿನ ಚೀಲ ತಂದು ಒಂದೊಂದೇ ತಿರುಪು ಬಿಚ್ಚತೊಡಗಿದ್ದ. ನಿನ್ನೆ ಬೆಳಗ್ಗೆಯಿಂದ ಅವನ ಕೈಗೆ ಏನಾದರೊಂದು ಕೆಲಸ ಬೇಕಾಗಿತ್ತು. ಕೈ ಸುಮ್ಮನಾದರೆ ಕಿವಿಯೊಳಗೆ ಕಬ್ಬಿಣ ಕೊಯ್ಯುವ ಗ್ಯಾಸಿನ ಸುಯ್ಲು ಶುರುವಾಗುತ್ತಿತ್ತು.

ಒಳಗೆ, ಫೋಟೋ ತೆಗೆಯುವ ನೀಲಿ ಪರದೆಯ ಮುಂದೆ ಅಕ್ಕ ಮಲಗಿದ್ದಳು. ಹಣೆಯ ಎಡಭಾಗದ ಗಾಯ ಕಾಣದಂತೆ ಕೂದಲನ್ನು ಆ ಕಡೆಗೆ ಬಾಚಿದ್ದರು. ಅವಳು ಬೈತಲೆ ತೆಗೆಯುತ್ತಿದ್ದುದು ಇನ್ನೊಂದು ಕಡೆ. ಅಷ್ಟು ಬದಲಾದದ್ದಕ್ಕೇ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು. ಒಳಗೆ ಹೋದಾಗಲೆಲ್ಲ ಮೇಸ್ತ್ರಿಗೆ ಒಂದು ಕ್ಷಣ, ಇದು ಅವಳಲ್ಲ, ಎಲ್ಲೋ ತಪ್ಪಾಗಿದೆ, ಈಗ ಅವಳೇ ಬಂದು ಎಲ್ಲರನ್ನೂ ಗದರಿಸಿ ಕಳಿಸುತ್ತಾಳೆ ಎನ್ನಿಸುತ್ತಿತ್ತು.

ಗೋಡೆಗೆ ಒರಗಿ ಕೂತಿದ್ದ ಭಾವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಅವರು ಟೈಲರು. ಮಂಗಳವಾರ ಬೆಳಗ್ಗೆ ಹೊರಡುವಾಗ ಅವಳು, ನಾಡಿದ್ದು ವಿಚಾರಣೆಗೆ ಆಫೀಸಿಗೆ ಹಾಕಿಕೊಂಡು ಹೋಗಲು ಒಳ್ಳೆಯ ಬಟ್ಟೆಗೆ ಇಸ್ತ್ರಿ ಮಾಡಿಡಿ, ಹತ್ತು ಗಂಟೆಗೆ ಬಂದುಬಿಡುತ್ತೇನೆ ಎಂದಿದ್ದಳಂತೆ. "ಇಸ್ತ್ರಿ ಮಾಡಿಟ್ಟೆ. ಹತ್ತಾಯ್ತು, ಹತ್ತೂಕಾಲಾಯ್ತು," ಎಂದು ಅಲ್ಲಿಗೆ ನಿಲ್ಲಿಸುತ್ತಿದ್ದರು. ಅದೇ ಬಟ್ಟೆಯನ್ನು ಈಗ ಅವಳಿಗೆ ತೊಡಿಸಿದ್ದರು. ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಥಿಯೇಟರುಗಳಲ್ಲಿ ದುಡಿದು ಮುದುಕರಾದವರು. ಗೇಟ್ ಕಾಯುತ್ತಿದ್ದವನು, ಟಿಕೆಟ್ ಹರಿಯುತ್ತಿದ್ದವನು, ಪ್ರೊಜೆಕ್ಟರ್ ನಡೆಸುತ್ತಿದ್ದ ಒಬ್ಬ ಕಿವುಡ. ಅವರ ಥಿಯೇಟರುಗಳು ಈಗ ಇರಲಿಲ್ಲ. ಅಕ್ಕನ ಫೋಟೋಗಳಲ್ಲಿ ಮಾತ್ರ ಇದ್ದವು. ಹಳೇ ಮೆಟ್ಟಿಲು, ಗೆದ್ದಲು ತಿಂದಿತ್ತೋ ಏನೋ, ಪಾಪ, ಉಳಿಸೋಕೆ ಹೋದವಳನ್ನೇ ನುಂಗಿತು ಎಂದು ಅವರು ಮಾತಾಡಿಕೊಳ್ಳುತ್ತಿದ್ದರು. ಪೊಲೀಸಿನವನೂ ಹಳೆಯ ಮೆಟ್ಟಿಲು ಕುಸಿದು ಎಂದೇ ಬರೆದುಕೊಂಡು ಹೋಗಿದ್ದ.

ಮೇಸ್ತ್ರಿ ಬಾಗಿಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ನಿಲ್ಲಿಸಿದ ಮೇಲೂ ಅದನ್ನು ಹಿಡಿದುಕೊಂಡೇ ಇದ್ದ.

*

ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸವೇ ಒಂದು ಥಿಯೇಟರು. ಅಪ್ಪ ಟಾರ್ಚ್ ಹಿಡಿದು ಜನರನ್ನು ಸೀಟಿಗೆ ಕೂರಿಸುತ್ತಿದ್ದ ಥಿಯೇಟರು ಅದು. ಅಕ್ಕ ತಮ್ಮ ಇಬ್ಬರೂ ಮೆಟ್ಟಿಲ ಕೆಳಗೆ ಕೂತು ಹೋಂವರ್ಕ್ ಬರೆದು ಬೆಳೆದವರು. ಸುದ್ದಿ ಹೇಳೋಣವೆಂದು ಫೋನ್ ಮಾಡಿದ್ದ ಅಷ್ಟೆ. ಅರ್ಧ ಗಂಟೆಯಲ್ಲಿ ಅವಳು ಕ್ಯಾಮೆರಾ ಹೊತ್ತು ಬಂದು ನಿಂತಿದ್ದಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದ. ಎರಡೂ ಮಾಡಲಿಲ್ಲ.

"ನಂಗೆ ಒಂದು ದಿನ ಕೊಡು," ಎಂದಳು.

ಆ ದಿನವಿಡೀ ಅವಳು ಏನೇನೋ ತೆಗೆದಳು. ಮುಂಭಾಗದ ಕಂಬ, ಕಮಾನು ಯಾರು ಬೇಕಾದರೂ ತೆಗೆಯುತ್ತಾರೆ. ಅವಳು ತೆಗೆದದ್ದು ಟಿಕೆಟ್ ಕಿಂಡಿಯ ಕಟ್ಟೆ. ಸಾವಿರಾರು ಮೊಣಕೈ ಊರಿ ಊರಿ ಅಲ್ಲಿ ಕಲ್ಲು ತಗ್ಗಾಗಿತ್ತು. ಪ್ರೊಜೆಕ್ಟರ್ ರೂಮಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಕರೆಂಟು ಹೋದ ತಾರೀಖುಗಳು. ಹೆಂಗಸರ ಕಡೆಯ ಕನ್ನಡಿ. ಕೊನೆಗೆ ಅವನ ಕೆಲಸದವರನ್ನೂ ಸಾಲಾಗಿ ನಿಲ್ಲಿಸಿ ತೆಗೆದಳು. ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು ಕಣ್ರಪ್ಪ, ಇಲ್ಲಿ ಆ ಕಟ್ಟುಪಾಡಿಲ್ಲ ಎಂದಾಗ ಎಲ್ಲರೂ ಹಲ್ಲು ಬಿಟ್ಟಿದ್ದರು.

ಸಂಜೆ ಕ್ಯಾಮೆರಾ ಚೀಲದೊಳಗೆ ಇಡುತ್ತ ಅವಳು ಹೇಳಿದ ಮಾತು ಅವನಿಗೆ ಅಕ್ಷರಶಃ ನೆನಪಿತ್ತು. "ಕೆಡವೋದು ನಿನ್ನ ಹೊಟ್ಟೆಪಾಡು. ಬೇಡ ಅನ್ನೋಕೆ ನಾನ್ಯಾರು. ಆದ್ರೆ ನಂಗೆ ಹೇಳದೆ ಮಾತ್ರ ಕೆಡವಬೇಡ ಕಣೋ."

ಅದೂ ಸೇರಿ ಹತ್ತೊಂಬತ್ತು ಥಿಯೇಟರು. ಹತ್ತೊಂಬತ್ತು ಸಲವೂ ಮೊದಲ ಏಟು ಬೀಳುವ ಮುನ್ನ ಅವನು ಫೋನ್ ಮಾಡಿದ್ದ. ಅಕ್ಕ ಕ್ಲಿಕ್ಕಿಸ್ತಾಳೆ, ತಮ್ಮ ಕೆಡವ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳು ಅದಕ್ಕೂ ನಗುತ್ತಿದ್ದಳು. ಇವನು ನನ್ನ ತಮ್ಮ ಅಲ್ಲದಿದ್ದರೆ ನನ್ನನ್ನು ಯಾವ ಮಾಲೀಕ ಒಳಗೆ ಬಿಡುತ್ತಿದ್ದ ಎಂದು ಕೇಳುತ್ತಿದ್ದಳು. ಬರೀ ಫೋಟೋ ತೆಗೆದು ಸಾಕಾಗಿತ್ತೋ ಏನೋ, ಇಪ್ಪತ್ತನೆಯದಕ್ಕೆ ಮೊದಲ ಬಾರಿ ಅರ್ಜಿ ಬರೆದಳು. ಇದೊಂದನ್ನು ಪಾರಂಪರಿಕ ಕಟ್ಟಡವೆಂದು ಉಳಿಸಿಕೊಡಿ ಎಂದು ಸಮಿತಿಗೆ ಬರೆದ ಅರ್ಜಿ. ಅದರ ವಿಚಾರಣೆ ಗುರುವಾರ. ಅವಳ ಮಗಳು ಟೈಪ್ ಮಾಡಿಕೊಟ್ಟಿದ್ದಳು. ಅಕ್ಕ ಅದನ್ನು ತಮ್ಮನಿಗೂ ಓದಿ ಹೇಳಿದ್ದಳು, ಏನೂ ಮುಚ್ಚಿಡದೆ.

*

ಪೆಟ್ಟಿಗೆ ಎತ್ತುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಆ ಇಪ್ಪತ್ತನೆಯ ಥಿಯೇಟರಿನ ಮಾಲೀಕರ ಮ್ಯಾನೇಜರು ದೊಡ್ಡ ಹೂವಿನ ಚಕ್ರ ಹಿಡಿದು ಬಂದ. ಅದನ್ನು ಅಕ್ಕನ ಕಾಲ ಬಳಿ ಇಟ್ಟು, ಭಾವನ ಕೈ ಹಿಡಿದು ಎರಡು ಮಾತಾಡಿ, ಹೊರಗೆ ಬಂದು ಮೇಸ್ತ್ರಿಯ ಮೊಣಕೈ ಮುಟ್ಟಿ ಪಕ್ಕಕ್ಕೆ ಕರೆದ.

ಮಾಲೀಕರಿಗೆ ತುಂಬಾ ನೋವಾಗಿದೆಯಂತೆ. ಇಂಥ ಹೊತ್ತಿನಲ್ಲಿ ಹೇಳಬಾರದು, ಆದರೂ ಹೇಳುವುದು ತನ್ನ ಧರ್ಮ ಎಂದ. ನಾಳೆಯ ವಿಚಾರಣೆಯಲ್ಲಿ ಇನ್ನು ವಾದಿಸುವುದಕ್ಕೆ ಏನೂ ಉಳಿದಿಲ್ಲವಂತೆ. ಅರ್ಜಿ ಕೊಟ್ಟವರೇ ಮೆಟ್ಟಿಲು ಕುಸಿದು ಸತ್ತರೆಂದರೆ ಕಟ್ಟಡ ಎಷ್ಟು ಅಪಾಯದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲವಂತೆ. ಹನ್ನೆರಡಕ್ಕೆ ಆದೇಶ, ಮಧ್ಯಾಹ್ನವೇ ಕೆಲಸ.

"ನಿಮ್ಮವರನ್ನ ಥಿಯೇಟರ್ ಹತ್ರಾನೇ ಇರಿಸಿಕೊಳ್ಳಿ," ಎಂದ. "ಆ ಭಾನುವಾರದ ವಿಷಯ ನಮ್ಮ ನಿಮ್ಮಲ್ಲೇ ಇರಲಿ. ಹೇಳಿದ್ರೆ ಹೋದವರು ವಾಪಸ್ ಬರ್ತಾರಾ?"

ಮೇಸ್ತ್ರಿ ಅವನ ಬಾಯನ್ನೇ ನೋಡುತ್ತಿದ್ದ. ಮಾತು ಕಿವಿಗೆ ಬೀಳುತ್ತಿತ್ತು, ಅರ್ಥ ಹಿಂದೆ ಹಿಂದೆ ತಡವಾಗಿ ಬರುತ್ತಿತ್ತು. ಪೂರ್ತಿ ಬಂದು ತಲುಪಿದಾಗ ಮ್ಯಾನೇಜರು ಆಗಲೇ ರಸ್ತೆಯಲ್ಲಿದ್ದ. ಅಕ್ಕನ ಹೆಣವನ್ನೇ ಸಾಕ್ಷಿ ಮಾಡಿ ಅಕ್ಕ ಉಳಿಸಹೊರಟದ್ದನ್ನು ಬೀಳಿಸುತ್ತಾರೆ. ಬೀಳಿಸುವವನು ತಾನು.

*

ಭಾನುವಾರ ಮ್ಯಾನೇಜರು ಹೇಳಿದ್ದು ಬಹಳ ಸಣ್ಣ ಕೆಲಸ. ಸಮಿತಿಯವರು ನೋಡಲು ಬಂದರೆ ಬಾಲ್ಕನಿಗೆ ಹತ್ತಲೇಬೇಕು. ಮೆಟ್ಟಿಲು ಅಲುಗಾಡಿತು ಅಂದರೆ ಸಾಕು, ಹತ್ತುವ ಮೊದಲೇ ಕಟ್ಟಡಕ್ಕೆ ಆಯಸ್ಸಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಪೂರ್ತಿ ಬೇಡ, ಒಂಚೂರು ಊನ ಮಾಡಿ ಎಂದ. ಮಾಡದಿದ್ದರೆ ಈ ಕೆಲಸ ಮಾತ್ರವಲ್ಲ, ಮಾಲೀಕರ ಬೇರೆ ಕೆಲಸಗಳೂ ಇನ್ನೊಬ್ಬರ ಪಾಲಾಗುತ್ತವೆ ಎಂದ. ಮೇಸ್ತ್ರಿಯನ್ನು ನಂಬಿ ಹನ್ನೊಂದು ಮನೆ ಇದ್ದವು.

ಮರದ ಮೆಟ್ಟಿಲುಗಳ ಕೆಳಗೆ ಕಬ್ಬಿಣದ ಎರಡು ತೊಲೆ. ಕಟ್ಟರ್ ಎಂದೇ ಎಲ್ಲರೂ ಕರೆಯುವ ಹಿರಿಯ ಕೆಲಸಗಾರ ಗ್ಯಾಸ್ ಹೊತ್ತಿಸಿ ಎರಡನ್ನೂ ಮುಕ್ಕಾಲು ಪಾಲು ಕೊಯ್ದ. ಮೇಲಿನಿಂದ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅಪಾಯ ಅಂತ ಒಂದು ಫಲಕ ಇಡೋಣವಾ ಮೇಸ್ತ್ರಿ ಎಂದು ಅವನು ಕೇಳಿದ. ಇಟ್ಟರೆ ಯಾಕೆ ಇಟ್ಟರು ಎಂದು ಕೇಳುತ್ತಾರೆ, ಬೇಡ ಎಂದ ಮೇಸ್ತ್ರಿ. ಮುಂಬಾಗಿಲಿಗೆ ಸರಪಳಿ ಹಾಕಿಸಿದ. ಪಕ್ಕದ ಸಣ್ಣ ಬಾಗಿಲಿನ ಒಂದು ಕೀ ಅಕ್ಕನ ಹತ್ತಿರ ಇತ್ತು, ಅವನೇ ಕೊಟ್ಟದ್ದು. ಅದು ನೆನಪಾಗದೆ ಇರಲಿಲ್ಲ. ಅರ್ಜಿ ಕೊಟ್ಟಾಯಿತು, ಫೋಟೋ ಎಲ್ಲ ಆಯಿತು, ಇನ್ಯಾಕೆ ಬರುತ್ತಾಳೆ ಎಂದುಕೊಂಡ.

ಎರಡು ಸಲ ಫೋನ್ ಕೈಗೆತ್ತಿಕೊಂಡಿದ್ದ. ಅವಳು ಏನು ಹೇಳಿಯಾಳು ಎಂಬುದು ಗೊತ್ತಿದ್ದುದರಿಂದಲೇ ಎರಡು ಸಲವೂ ಕೆಳಗಿಟ್ಟ. ವಿಚಾರಣೆ ಮುಗಿದ ಮೇಲೆ ಕಾಲು ಹಿಡಿದಾದರೂ ಸಮಾಧಾನ ಮಾಡಿದರಾಯಿತು.

ಸೋಮವಾರ ಸಂಜೆ ಸಮಿತಿಯ ಗುಮಾಸ್ತ ಅವಳಿಗೆ ಫೋನ್ ಮಾಡಿ, ಬಾಲ್ಕನಿ ಗೋಡೆಯ ಗಾರೆ ಚಿತ್ತಾರದ ಫೋಟೋ ಮಸುಕಾಗಿದೆ, ಹಗಲು ಬೆಳಕಿನಲ್ಲಿ ಇನ್ನೊಂದು ತಂದುಕೊಡಿ ಎಂದಿದ್ದನಂತೆ. ಮಂಗಳವಾರ ಎಂಟು ಗಂಟೆಗೆ ಅವಳು ಪಕ್ಕದ ಬಾಗಿಲು ತೆಗೆದುಕೊಂಡು ಒಳಗೆ ಹೋದಳು. ತಮ್ಮ ಫೋನ್ ಮಾಡಿಲ್ಲ ಅಂದರೆ ಯಾರೂ ಏನೂ ಮುಟ್ಟಿಲ್ಲ ಎಂದು ಅವಳ ಲೆಕ್ಕ. ಇಪ್ಪತ್ತೆರಡು ವರ್ಷದಲ್ಲಿ ಆ ಲೆಕ್ಕ ತಪ್ಪಿರಲಿಲ್ಲ.

*

ಮಣ್ಣು ಮಾಡಿದ ಮೇಲೆ ಜನ ಒಬ್ಬೊಬ್ಬರೇ ಗೇಟಿನ ಕಡೆ ನಡೆದರು. ಸಮಾಧಿಯ ಹತ್ತಿರ ಭಾವ, ಅಕ್ಕನ ಮಗಳು ಮತ್ತು ಅವನು ಉಳಿದರು. ಮಗಳು ಆಸ್ಪತ್ರೆಯಲ್ಲಿ ನರ್ಸು. ನಿನ್ನೆ ಅಮ್ಮನನ್ನು ತಂದಾಗ ಡ್ಯೂಟಿಯಲ್ಲಿದ್ದವಳೂ ಅವಳೇ. ಅವಳೂ ಅತ್ತಿರಲಿಲ್ಲ. ಮಣ್ಣು ಮೆತ್ತಿದ ಕೈಯನ್ನು ಎರಡೂ ಕಡೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ಮಾವ, ನಾಳೆ ಆಫೀಸಿಗೆ ನಂಜೊತೆ ಬರ್ತೀಯಾ?" ಎಂದು ಕೇಳಿದಳು. "ಅರ್ಜಿ ವಾಪಸ್ ತಗೊಂಡುಬಿಡ್ತೀನಿ. ಆ ಕಟ್ಟಡ ಉಳಿದ್ರೆಷ್ಟು, ಬಿದ್ರೆಷ್ಟು. ಅಮ್ಮನ್ನ ತಿಂದಿದೆ."

ಅವನು ಅವಳ ಕಡೆ ತಿರುಗಿದ.

"ಕಟ್ಟಡ ತಿನ್ನಲಿಲ್ಲಮ್ಮ," ಎಂದ. "ಮೆಟ್ಟಿಲು ಗಟ್ಟಿಯಾಗಿತ್ತು. ಇನ್ನೂ ಐವತ್ತು ವರ್ಷ ಇರ್ತಿತ್ತು. ನಾನೇ ಕೆಳಗಿನ ತೊಲೆ ಕೊಯ್ಯಿಸಿದ್ದೆ."

ಭಾವ ತಲೆ ಎತ್ತಿದರು. ಅಳತೆ ಹೇಳಿದವರು ತಪ್ಪಾಗಿ ಹೇಳಿದಾಗ ಮತ್ತೆ ಕೇಳುವ ಹಾಗೆ ಮೆಲ್ಲಗೆ ಕೇಳಿದರು. "ಯಾವಾಗ?"

"ಭಾನುವಾರ."

"ಅವಳಿಗೆ ಹೇಳಿದ್ದೆ ತಾನೆ? ನೀನು ಯಾವಾಗ್ಲೂ ಹೇಳ್ತೀಯಲ್ಲ."

ಅವನು ತಲೆ ಅಲ್ಲಾಡಿಸಿದ. ಭಾವ ಅವನನ್ನು ನೋಡಿದರು, ಹೊಸ ಮಣ್ಣನ್ನು ನೋಡಿದರು. ಅಲ್ಲೇ ನೆಲಕ್ಕೆ ಕೂತರು. ಹೊಡೆಯುತ್ತಾರೆ ಎಂದುಕೊಂಡು ಅವನು ಹತ್ತಿರ ಹೋಗಿ ನಿಂತ. ಅವರು ಹೊಡೆಯಲಿಲ್ಲ. ಕೈಬೀಸಿ, ದೂರ ಹೋಗು ಎಂದು ತೋರಿಸಿದರು.

ಮಗಳು ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿ ತೆಗೆದಳು. ಹುಟ್ಟಿದಾಗಿನಿಂದ ಅವನ ಹೆಗಲೇರಿ ಆಡಿದವಳು, ಇವತ್ತಿಗೂ ನೀನು ಎಂದೇ ಸಲಿಗೆಯಿಂದ ಕರೆಯುವವಳು.

"ನಾಳೆ ಹತ್ತೂವರೆಗೆ ವಿಚಾರಣೆ," ಎಂದಳು ಕೊನೆಗೆ. "ನಾನು ಅರ್ಜಿ ವಾಪಸ್ ತಗೊಳ್ಳಲ್ಲ. ನೀವು ಬಂದು ಈ ಮಾತನ್ನ ಅಲ್ಲಿ ಹೇಳಿ."

ಜೈಲು, ಲೈಸೆನ್ಸು, ಹನ್ನೊಂದು ಮನೆ ಯಾವುದೂ ಆ ಗಳಿಗೆಯಲ್ಲಿ ಅವನ ತಲೆಗೆ ಬರಲಿಲ್ಲ. ಆ 'ನೀವು' ಮಾತ್ರ ಎದೆಗೆ ಬಂದು ಹೊಡೆಯಿತು. ಹೇಳ್ತೀನಿ ಎಂದ. ಅಪ್ಪನನ್ನು ಎಬ್ಬಿಸಿಕೊಂಡು ಅವಳು ಗೇಟಿನ ಕಡೆ ಹೋದಳು. ತಿರುಗಿ ನೋಡಲಿಲ್ಲ. ಆಗ ಅವನಿಗೆ ಅಳು ಬಂತು, ಕೆಮ್ಮಿನ ಹಾಗೆ ಒತ್ತೊತ್ತಿ ಬಂತು.

*

ಗೇಟಿನ ಹೊರಗೆ ಕಟ್ಟರ್ ಕಾದಿದ್ದ. ಮುಖ ತೋರಿಸಲಾಗದೆ ಸ್ಟುಡಿಯೋಗೂ ಬಂದಿರಲಿಲ್ಲ, ಸಮಾಧಿಯ ಹತ್ತಿರವೂ ಬಂದಿರಲಿಲ್ಲ. ಹುಡುಗರೆಲ್ಲ ಥಿಯೇಟರಿಗೆ ಹೋಗಿದ್ದಾರೆ ಎಂದ. ಕೆಲಸಕ್ಕಾ ಎಂದು ಮೇಸ್ತ್ರಿ ಕೇಳಿದ. ಅಲ್ಲ, ಅಕ್ಕನ ಮುಖ ನೋಡುವ ಧೈರ್ಯವಿಲ್ಲದೆ ಬೆಳಗ್ಗೆಯಿಂದ ಒಳಗೇ ಇದ್ದಾರೆ, ಮನೆಗೆ ಹೋಗಿ ಅಂದರೂ ಹೋಗುತ್ತಿಲ್ಲ ಎಂದ. ದಾರಿಯಲ್ಲಿ ಮೇಸ್ತ್ರಿ ನಾಳೆಯ ವಿಷಯ ಹೇಳಿದ. ಕಟ್ಟರ್ ನಡಿಗೆ ನಿಧಾನ ಮಾಡಿದ.

"ಗ್ಯಾಸ್ ಹಿಡಿದಿದ್ದು ನನ್ನ ಕೈ," ಎಂದ. "ನಾನೂ ಬರ್ತೀನಿ."

ಪಕ್ಕದ ಸಣ್ಣ ಬಾಗಿಲಿನಿಂದ ಇಬ್ಬರೂ ಒಳಗೆ ಹೋದರು. ಬಲಗಡೆ ಮೆಟ್ಟಿಲಿನ ಕೆಳಗಿನ ಅರ್ಧ ನೆಲಕ್ಕೆ ಒರಗಿತ್ತು. ಮೇಲಿನ ಆರು ಮೆಟ್ಟಿಲು ಬಾಲ್ಕನಿಯಿಂದ ಜೋತುಬಿದ್ದಿದ್ದವು. ಇಬ್ಬರೂ ಗೋಡೆಗೆ ಒತ್ತಿಕೊಂಡು ಅದನ್ನು ದಾಟಿದರು. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಕೊಂಚ ಹೊತ್ತು ಹಿಡಿಯಿತು.

ಹತ್ತೂ ಜನ ಕುರ್ಚಿಗಳಲ್ಲಿ ಕೂತಿದ್ದರು. ಒಬ್ಬರ ಪಕ್ಕ ಒಬ್ಬರಲ್ಲ. ಅಲ್ಲೊಬ್ಬ, ಇಲ್ಲೊಬ್ಬ, ನಡುನಡುವೆ ಖಾಲಿ ಸೀಟು ಬಿಟ್ಟು. ಹೆಲ್ಮೆಟ್ಟು ತೊಡೆಯ ಮೇಲಿತ್ತು. ಎಲ್ಲರ ಮುಖವೂ ಎದುರಿನ ಗೋಡೆಯ ಕಡೆಗೆ. ಪರದೆ ಬಿಚ್ಚಿ ಎಷ್ಟೋ ತಿಂಗಳಾಗಿತ್ತು. ಅದಿದ್ದ ಜಾಗವಷ್ಟೇ ಹೊಗೆ ಧೂಳು ಕಾಣದೆ ಬೆಳ್ಳಗೆ ಉಳಿದಿತ್ತು. ಮೇಸ್ತ್ರಿಯನ್ನು ಕಂಡು ಯಾರೂ ಏಳಲಿಲ್ಲ. ಅವನು ಕೊನೆಯ ಸಾಲಿನಲ್ಲಿ ತಡಕಾಡಿ ಒಂದು ಸೀಟನ್ನು ಕೆಳಗಿಳಿಸಿ ಕೂತ. ಅದು ಕಿರುಗುಟ್ಟಿದ ಸದ್ದಿಗೆ ಒಬ್ಬನೂ ಹಿಂದೆ ನೋಡಲಿಲ್ಲ. ತೆರೆದ ಬಾಗಿಲಿನಿಂದ ಸಂಜೆಯ ಬಿಸಿಲು ಉದ್ದಕ್ಕೆ ಒಳಬಂದು, ಆ ಬಿಳಿಯ ಚೌಕದ ಕೆಳಗಿನ ಅಂಚನ್ನು ಮುಟ್ಟಿ, ಮೆಲ್ಲಗೆ ಮೇಲಕ್ಕೆ ಏರುತ್ತಿತ್ತು.