ಬಾಯಿ ಬಿಟ್ಟ ರಂಗೋಲಿ

ನಾ ದುಂಡವ್ವ, ಕಬ್ಬೂರಾಕಿ. ತೊಂಬತ್ತೆರಡನೇ ಇಸ್ವಿಯೊಳಗ ನಾ ಮಾಡಿದ ತಪ್ಪು ಹೇಳ್ತೀನಿ, ನಗಬ್ಯಾಡ್ರಿ.

ನನ್ನ ಮಗಳು ಸುಂದರಾ ಹತ್ತನೇ ಇಯತ್ತೆಯೊಳಗ ಇದ್ಲು. ಸಾಲಿ ಪ್ರದರ್ಶನಕ್ಕಂತ ಧನಪಾಲ ಮಾಸ್ತರು ಮಿರಜದಿಂದ ಸಾಮಾನ ತಂದುಕೊಟ್ರು, ಇಕಿ ಒಂದು ಸಣ್ಣ ಗಾಡಿ ಮಾಡಿದ್ಲು. ಯಾರೂ ನಡಸಂಗಿಲ್ಲ, ನೆಲದ ಮ್ಯಾಲಿನ ಬಿಳಿ ಗೆರಿ ಹಿಡದು ತಾನ ಹೋಗ್ತೈತಿ.

“ಅದಕ್ಕ ದಾರಿ ಗೊತ್ತೈತೇನ್ರಿ?” ಅಂತ ಮಾಸ್ತರನ್ನ ಕೇಳಿದೆ.

“ಇಲ್ಲವ್ವಾ. ಮುಂದಿನ ನಾಕ ಬೆರಳ ಗೆರಿ ಅಷ್ಟ ಕಾಣ್ತೈತಿ.”

ನಮ್ಮ ಎಮ್ಮಿನ ವಾಸಿ. ಎಲ್ಲಿ ಬಿಟ್ರೂ ಮನಿಗೆ ಬರ್ತೈತಿ, ಊರಿನ ಓಣಿ ಎಲ್ಲಾ ಅದರ ತಲಿಯಾಗ ಅದಾವ. ಈ ಗಾಡಿ ಮಾತ್ರ ನನ್ನ ಗಂಡ ಸತ್ಯಪ್ಪನಂಗ. ಹೆಸರು ಹೇಳಬಾರದು, ಹೇಳೀನಿ, ಹೋಗ್ಲಿ. ಅವರವ್ವ ಸಣ್ಣಾಕಿದ್ದಾಗ ಮದುವಿ ಆದ್ಲು, ನಾನೂ ಆದೆ, ಅದಕ್ಕ ಮಗಳೂ ಆಗಬೇಕು. ಸತ್ತಿ ಊರಾಗ ಅವನ ಅಕ್ಕನ ಮಗ ಮದುವಿಗೆ ತಯಾರ ಕುಂತಿದ್ದ. ಸುಂದರಾ ಅತ್ತು ಕರದು ಕಾಲೇಜು ಅಂದ್ಲು.

“ಪ್ರದರ್ಶನದಾಗ ಗಾಡಿ ಸಾಲಿ ಹೊಸ್ತಲಾ ಮುಟ್ಟಿದ್ರ ಚಿಕ್ಕೋಡಿ ಕಾಲೇಜು. ಇಲ್ಲಂದ್ರ ಸತ್ತಿ,” ಅಂದ ನನ್ನ ಗಂಡ.

ಪ್ರದರ್ಶನದ ದಿನ ಮುಂಜಾನೆ ಸಾಲಿ ಪಡಸಾಲಿ ಸಾರಸಾಕ ನನ್ನ ಕರದ್ರು. ನೆಲದ ಮ್ಯಾಲ ಉದ್ದಕ ಒಂದು ಸುಣ್ಣದ ಗೆರಿ ಇತ್ತು. ಯಾವ ಹುಡುಗರ ಕಿತಾಪತಿನೋ ಅಂತ ಬೈಕೋಂತ ಅಳಿಸಿ, ಸೆಗಣಿಲೆ ಸಾರಿಸಿ, ಒಣಗಿದ ಮ್ಯಾಲ ಒಂದ ಗೆರಿಯೊಳಗ ಎಂಟ ಎಸಳಿನ ತಾವರಿ ಹೂವ ಹಾಕಿದೆ. ಗೆರಿ ಎಲ್ಲೂ ಬಾಯಿ ಬಿಡಬಾರದು, ಬಿಟ್ರ ಮನಿ ಲಕ್ಷ್ಮಿ ಹೊರಗ ಹೋಗ್ತಾಳ ಅಂತ ನಮ್ಮವ್ವ ಕಲಿಸಿದ್ಲು.

ಪ್ರದರ್ಶನ ನೋಡಾಕ ಸಾಹೇಬ್ರು ಬಂದ್ರು. ಸುಂದರಾ ಗಾಡಿ ತಂದ್ಲು, ನೆಲ ನೋಡಿದ್ಲು, ನನ್ನ ನೋಡಿದ್ಲು. ನಾ ಅಳಿಸಿದ್ದು ಅಕಿ ಗಾಡಿ ಗೆರಿ ಅಂತ ಆಗ ತಿಳೀತು. ಪಾಪ, ಗಾಡಿನ ಹೂವಿನ ಗೆರಿ ಮ್ಯಾಲ ಇಟ್ಲು. ಎಂಟೂ ಎಸಳ ಸುತ್ತಿತು. ಮತ್ತ ಸುತ್ತಿತು. ಮೂರನೇ ಸುತ್ತಿಗೆ ಸಾಹೇಬ್ರು ಗಡಿಯಾರ ನೋಡಿದ್ರು.

ನನ್ನ ಗಂಡ ಹೊಸ್ತಲದಾಗ ಕೈಕಟ್ಟಿ ನಿಂತಿದ್ದ. “ಗಾಣದ ಎತ್ತ ಆತು ನೋಡ. ನಡೀರಿ ಸತ್ತಿಗೆ,” ಅಂತ ನಕ್ಕ.

ಸಿಟ್ಟು ನೆತ್ತಿಗೇರಿತು. ಗಾಡಿ ಆಚಿ ಕಡೆ ಹೋದಾಗ ಸೆರಗಿಲೆ ಒಂದ ಎಸಳ ವರಸಿದೆ. ಉಳದ ತುದಿಯಿಂದ ರಂಗೋಲಿ ಹಿಡದು ಸೀದಾ ಹೊಸ್ತಲಾಕ, ಅವನ ಕಾಲಿನ ತನಕ ಗೆರಿ ಎಳದೆ.

ಗಾಡಿ ಬಂತು. ತುದಿಗೆ ಒಂಚೂರು ಅತ್ತಿತ್ತ ಆಡಿ, ಹೊಸ ಗೆರಿ ಹಿಡದು ಬಂದು, ಅವನ ಹೆಬ್ಬೆರಳಿಗೆ ಬಡದು ನಿಂತಿತು.

ಅಂವ ಕೆಳಗ ನೋಡಿದ. ಆಮ್ಯಾಲ ಕಾಲ ತಗದ.

ಜೂನಿನಾಗ ಸುಂದರಾ ಚಿಕ್ಕೋಡಿ ಬಸ್ ಹತ್ತಿದ್ಲು. ಅವತ್ತಿಂದ ನಮ್ಮ ಬಾಗಿಲ ಮುಂದಿನ ರಂಗೋಲಿ ಒಂದ ಕಡೆ ಬಾಯಿ ಬಿಟ್ಟಿರ್ತೈತಿ. ನೆರಿಮನಿ ಹೊಳೆವ್ವ ಕೇಳಿದ್ರ, ಮರತೆನಬೇ ಅಂತೀನಿ.